ಸಿಹಿ ತಿನ್ನಲ್ಲ, ಮದ್ಯ ಮುಟ್ಟಲ್ಲ, ಆದರೂ ಶುಗರ್ ಹೊಸ್ತಿಲಿಗೆ ಬಂದಿದೆ. ಹೇಗೆ?

ನಾಲ್ಕುಗಂಟೆ:
ನನಗೆ 43 ವರ್ಷ. ಮದ್ಯ ಇಲ್ಲ, ಸಿಗರೇಟ್ ಇಲ್ಲ, ಸಿಹಿ ಅಂದರೆ ಯಾರದಾದರೂ ಮದುವೆಯಲ್ಲಿ ಒಂದು ತುಂಡು. ಹೋದ ವಾರ ಬೇರೆ ಏನಕ್ಕೋ ರಕ್ತ ಪರೀಕ್ಷೆ ಮಾಡಿಸಿದೆ, ಅದರಲ್ಲಿ ರಕ್ತದ ಸಕ್ಕರೆ ಲೆಕ್ಕ ಹೇಳುವ ಎಚ್‌ಬಿಎ1ಸಿ 6.1 ಬಂದಿದೆ. ಡಾಕ್ಟರು "ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಆದರೆ ಹೊಸ್ತಿಲ ಮೇಲೆ ನಿಂತಿದ್ದೀರಿ, ಊಟ ತಿಂಡಿ ನೋಡಿಕೊಂಡು ಮೂರು ತಿಂಗಳು ಬಿಟ್ಟು ಬನ್ನಿ" ಎಂದರು. ಏನು ನೋಡಿಕೊಳ್ಳಬೇಕು ಅಂತ ಕೇಳುವಷ್ಟರಲ್ಲಿ ಮುಂದಿನವರು ಒಳಗೆ ಬಂದಾಗಿತ್ತು.

ನಿಜವಾಗಿ ಅರ್ಥ ಆಗುತ್ತಿಲ್ಲ. ಕಂಡದ್ದೆಲ್ಲ ತಿನ್ನುವವನಲ್ಲ ನಾನು. ಮೂರು ಹೊತ್ತು ಮನೆ ಊಟ. ಹಾಗಾದರೆ ಇದು ಎಲ್ಲಿಂದ ಬಂತು? ದಿನಾ ತಿನ್ನೋದು ಕುಡಿಯೋದು ಇಷ್ಟೊಂದು ಲೆಕ್ಕಕ್ಕೆ ಬರುತ್ತಾ, ಅಥವಾ ಎಲ್ಲ ಹಣೆಬರಹವಾ?

ಮೂಗುತೂರಿಸಿ:
ಹಣೆಬರಹ ಆಮೇಲೆ ನೋಡೋಣ. ಮೊದಲು ನಿನ್ನೆ ಇಡೀ ದಿನ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಕುಡಿದದ್ದೂ ಸೇರಿಸಿ. ಸುಳ್ಳು ಹೇಳಬೇಡಿ, ನಾವು ಡಾಕ್ಟರಲ್ಲ.

ಅಜ್ಜನಮೊಮ್ಮಗ:
ಇದೆಲ್ಲ ಸುಮ್ನೆ ಹೆದರಿಸೋದು. ನಮ್ಮಜ್ಜ ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಕೊಂಡು 91 ವರ್ಷ ಬದುಕಿದರು. ಒಂದು ದಿನ ಮಾತ್ರೆ ನುಂಗಿದವರಲ್ಲ. ಈಗಿನವರಿಗೆ ಪರೀಕ್ಷೆ ಮಾಡಿಸೋದೇ ಕಾಯಿಲೆ.

ನಾಲ್ಕುಗಂಟೆ:
ಸರಿ, ನಿನ್ನೆಯದು. ಎದ್ದ ತಕ್ಷಣ ಚಹಾ. ತಿಂಡಿ, ಅದರ ಜೊತೆ ಇನ್ನೊಂದು ಚಹಾ. ಆಫೀಸಿನಲ್ಲಿ ಹನ್ನೊಂದಕ್ಕೆ ಒಂದು. ಮಧ್ಯಾಹ್ನ ಊಟ. ನಾಲ್ಕು ಗಂಟೆಗೆ ಒಂದು (ಇದನ್ನು ಮಾತ್ರ ಯಾರೂ ಮುಟ್ಟಬಾರದು, ಹೆಸರೇ ಅದರದ್ದು ಇಟ್ಟುಕೊಂಡಿದ್ದೇನೆ). ಮನೆಗೆ ಬಂದು ಒಂದು ದೊಡ್ಡ ಲೋಟ ಕಿತ್ತಳೆ ಜ್ಯೂಸ್, ಆರೋಗ್ಯಕ್ಕೆ ಒಳ್ಳೆಯದು ಅಂತ. ಆಮೇಲೆ ಇನ್ನೊಂದು ಚಹಾ, ರಾತ್ರಿ ಊಟ. ಅಷ್ಟೇ.

ಲೆಕ್ಕದವಳು:
"ಅಷ್ಟೇ" ಅಂತೆ!

ಚಹಾಕ್ಕೆ ಎಷ್ಟು ಸಕ್ಕರೆ? ಎರಡು ಚಮಚ ಅಂತ ಇಟ್ಟುಕೊಳ್ಳುತ್ತೇನೆ, ಎಲ್ಲರೂ ಎರಡು ಅಂತಲೇ ಹೇಳೋದು. ಮಟ್ಟವಾಗಿ ತುಂಬಿದರೆ ಒಂದು ಟೀ ಚಮಚಕ್ಕೆ 4 ಗ್ರಾಂ. ಐದು ಚಹಾ, ಹತ್ತು ಚಮಚ, 40 ಗ್ರಾಂ. ಜ್ಯೂಸ್ ಲೋಟ 300 ಮಿಲಿ ಲೀಟರ್ ಅಂದುಕೊಂಡರೆ ಅದರಲ್ಲಿ ಸುಮಾರು 25 ಗ್ರಾಂ. ಒಟ್ಟು 65. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ಏನು ಗೊತ್ತಾ? ದಿನದ ಒಟ್ಟು ಶಕ್ತಿಯಲ್ಲಿ ಶೇ 10ಕ್ಕಿಂತ ಕಡಿಮೆ ಇಂಥ ಸಕ್ಕರೆಯಿಂದ ಬರಬೇಕು. 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ. ಅರ್ಧಕ್ಕೆ ಇಳಿಸಿದರೆ, ಅಂದರೆ 25 ಗ್ರಾಂ, ಇನ್ನೂ ಒಳ್ಳೆಯದು ಎಂದಿದ್ದಾರೆ. ನೀವು ಒಂದು ತುಂಡು ಸಿಹಿ ತಿನ್ನದೆ, ಬರೀ ಕುಡಿದೇ ಆ 50 ದಾಟಿದ್ದೀರಿ. ಚಮಚ ಗೋಪುರ ಮಾಡಿ ತುಂಬುವವರಾದರೆ ನಾನು ಕಡಿಮೆಯೇ ಹೇಳಿದ್ದೇನೆ.

ನಾಲ್ಕುಗಂಟೆ:
ಗೋಪುರವೇ.

ಹರಟೆಕಟ್ಟೆ:
ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಈಗ ನಾನೂ ನನ್ನ ಚಮಚ ನೋಡಿ ಬಂದೆ.

ಬೆಳ್ಳುಳ್ಳಿಸಿಪ್ಪೆ:
ಜ್ಯೂಸ್ ಹಣ್ಣಿನದಲ್ವಾ? ಅದರ ಸಕ್ಕರೆಯನ್ನೂ ಲೆಕ್ಕಕ್ಕೆ ಹಿಡಿದರೆ ಹಣ್ಣೂ ತಿನ್ನಬಾರದು ಅಂತಾಯಿತು. ಬಿಳಿ ಸಕ್ಕರೆ ಬಿಟ್ಟು ಜೇನುತುಪ್ಪ ಹಾಕಿಕೊಳ್ಳಿ, ಎಲ್ಲ ಸರಿಹೋಗುತ್ತದೆ. ನೈಸರ್ಗಿಕವಾದದ್ದು ಏನೂ ಮಾಡಲ್ಲ.

ಲೆಕ್ಕದವಳು:
ಎರಡೂ ತಪ್ಪು ಗುರುಗಳೇ. ನಾನು ಹೇಳಿದ ಮಿತಿಯೊಳಗೆ ಜೇನುತುಪ್ಪವೂ ಸೇರಿದೆ, ಹಣ್ಣಿನ ರಸವೂ ಸೇರಿದೆ. ಇಡೀ ಹಣ್ಣು ಸೇರಿಲ್ಲ. ಕಿತ್ತಳೆ ತಿನ್ನುವಾಗ ಒಂದು ಎರಡಕ್ಕೆ ಸಾಕು ಅನಿಸುತ್ತದೆ, ಅಗಿಯಬೇಕು, ನಾರು ಇರುತ್ತದೆ, ಸಕ್ಕರೆ ನಿಧಾನಕ್ಕೆ ರಕ್ತಕ್ಕೆ ಇಳಿಯುತ್ತದೆ. ಅದೇ ಒಂದು ಲೋಟ ರಸಕ್ಕೆ ಮೂರು ನಾಲ್ಕು ಹಣ್ಣು ಹಿಂಡುತ್ತೀರಿ, ನಾರನ್ನು ಕಸಕ್ಕೆ ಹಾಕುತ್ತೀರಿ, ಅರ್ಧ ನಿಮಿಷದಲ್ಲಿ ಕುಡಿಯುತ್ತೀರಿ. ಆಮೇಲೆ ಊಟ ಏನೂ ಕಡಿಮೆ ಮಾಡಲ್ಲ, ಯಾಕೆಂದರೆ ಕುಡಿದದ್ದನ್ನು ಹೊಟ್ಟೆ ಊಟ ಅಂತ ಅಷ್ಟಾಗಿ ಲೆಕ್ಕ ಇಡಲ್ಲ. ಕುಡಿಯೋದರ ತೊಂದರೆ ಅಲ್ಲೇ ಇರೋದು.

ನೈಸರ್ಗಿಕ ಅನ್ನೋ ಮಾತಿಗೆ ಬಂದರೆ, ಹಾವಿನ ವಿಷವೂ ನೈಸರ್ಗಿಕ.

ಲ್ಯಾಬ್‌ಹುಳು:
ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲೇ ಕೆಲಸ ಮಾಡುವವನು. ಒಂದು ಮಾತು ಹೇಳಿ ಹೋಗುತ್ತೇನೆ. ಎಚ್‌ಬಿಎ1ಸಿ ಅಂದರೆ ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಅನ್ನೋ ಲೆಕ್ಕ. ಆ ಕಣ ಬದುಕೋದು ಸುಮಾರು 120 ದಿನ. ಅದಕ್ಕೇ ಈ ಅಂಕಿ ಹಿಂದಿನ ಎರಡು ಮೂರು ತಿಂಗಳ ಕಥೆ ಹೇಳುತ್ತದೆ. ಪರೀಕ್ಷೆಗೆ ಮುಂಚೆ ನಾಲ್ಕು ದಿನ ಸಾಧು ಆಗಿದ್ದರೆ ಪ್ರಯೋಜನ ಇಲ್ಲ. 5.7ರಿಂದ 6.4ರವರೆಗೆ ಗಡಿ, 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಕ್ಕರೆ ಕಾಯಿಲೆ. ಕೆಲವು ಕಡೆ ಗಡಿಯನ್ನು 6.0ರಿಂದ ಎಣಿಸುತ್ತಾರೆ.

ಇನ್ನೊಂದು, ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಈ ಅಂಕಿ ಇರೋದಕ್ಕಿಂತ ಜಾಸ್ತಿ ತೋರಿಸಬಹುದು. ದಿನಕ್ಕೆ ಐದು ಚಹಾ, ಅದರಲ್ಲೂ ತಿಂಡಿ ಜೊತೆಗೇ ಕುಡಿಯುತ್ತೇನೆ ಎಂದಿದ್ದೀರಿ. ಕಾಳು, ಸೊಪ್ಪಿನಿಂದ ಬರುವ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ಚಹಾ ತಡೆಯುತ್ತದೆ. ಹಾಗಾಗಿ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಅದೇ ಕಾಗದದಲ್ಲಿ ನೋಡಿ. ಚಹಾವನ್ನು ಊಟ ತಿಂಡಿಯಿಂದ ಒಂದು ಗಂಟೆ ದೂರ ಇಡಿ.

ನಾಲ್ಕುಗಂಟೆ:
ಹಿಮೋಗ್ಲೋಬಿನ್ 14.2. ಅಂದರೆ ತಪ್ಪಿಸಿಕೊಳ್ಳೋಕೆ ಆ ದಾರಿಯೂ ಇಲ್ಲ.

ಅಜ್ಜನಮೊಮ್ಮಗ:
ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. 91 ವರ್ಷ!

ಮೂಗುತೂರಿಸಿ:
ನೀವು ಪ್ರಶ್ನೆ ಎಲ್ಲಿ ಕೇಳಿದಿರಿ?

ಹಳೇಲೋಟ:
ನಾನು ಕೊಡುತ್ತೇನೆ. ನಿಮ್ಮ ಅಜ್ಜ ಕೂತು ಕೆಲಸ ಮಾಡುತ್ತಿದ್ದರಾ? ದಿನಕ್ಕೆ ಐದು ಚಹಾ ಇತ್ತಾ, ಒಂದಾ? ಅವರ ಜೊತೆ ಹುಟ್ಟಿದವರೆಲ್ಲ 91 ಬದುಕಿದರಾ? 60ಕ್ಕೆ ಹೋದವರ ಬಗ್ಗೆ "ನಮ್ಮ ದೊಡ್ಡಪ್ಪ ಮೂರು ಚಮಚ ಹಾಕಿಕೊಳ್ಳುತ್ತಿದ್ದರು" ಅಂತ ಯಾರೂ ಕಟ್ಟೆ ಮೇಲೆ ಕೂತು ಹೇಳಲ್ಲ. ಬದುಕಿ ಉಳಿದವರ ಕಥೆ ಮಾತ್ರ ನಮಗೆ ಸಿಗೋದು.

ಒಬ್ಬ ಅಜ್ಜನ ಬದಲು ಒಂದು ದೇಶವನ್ನೇ ನೋಡೋಣ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್‌ನಲ್ಲಿ ಸಕ್ಕರೆಗೆ ರೇಷನ್ ಇತ್ತು, ಅದು ಮುಗಿದದ್ದು 1953ರ ಸೆಪ್ಟೆಂಬರ್‌ನಲ್ಲಿ. ಮುಗಿದ ಕೂಡಲೇ ಜನ ತಿನ್ನೋ ಸಕ್ಕರೆ ಹೆಚ್ಚುಕಡಿಮೆ ಎರಡು ಪಟ್ಟು ಆಯಿತು. ಈ ಗೆರೆಯ ಆ ಕಡೆ ಈ ಕಡೆ ಹುಟ್ಟಿದವರನ್ನು ಅವರ ಮುಪ್ಪಿನಲ್ಲಿ ಹೋಲಿಸಿ ನೋಡಿದ ಸಂಶೋಧನೆ 2024ರಲ್ಲಿ ಬಂತು. ಹೊಟ್ಟೆಯಲ್ಲಿದ್ದಾಗ ಮತ್ತು ಹುಟ್ಟಿದ ಮೊದಲ ಎರಡು ವರ್ಷ ರೇಷನ್ ಕಂಡಿದ್ದವರಿಗೆ ಟೈಪ್ 2 ಸಕ್ಕರೆ ಕಾಯಿಲೆ ಬರುವ ಅಪಾಯ ಸುಮಾರು ಶೇ 35 ಕಡಿಮೆ, ಬಿಪಿ ಅಪಾಯ ಸುಮಾರು ಶೇ 20 ಕಡಿಮೆ. ಮಗು ತಾನಾಗಿ ಏನೂ ಆರಿಸಿಕೊಂಡಿರಲಿಲ್ಲ, ಆದರೂ 50–60 ವರ್ಷ ಆದ ಮೇಲೆ ಲೆಕ್ಕ ಎದ್ದು ಬಂತು. ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಅಜ್ಜನಮೊಮ್ಮಗ:
ದೊಡ್ಡಪ್ಪನ ವಿಷಯ ನಿಮಗೆ ಹೇಗೆ ಗೊತ್ತು?

ಹರಟೆಕಟ್ಟೆ:
😂😂

ಬೆಕ್ಕಿನಗಂಟೆ:
ನಾನು ಸಕ್ಕರೆ ಬಿಟ್ಟು ಸಿಹಿ ಮಾತ್ರೆ ಹಾಕಿಕೊಳ್ಳುತ್ತೇನೆ. ಅದು ಕ್ಯಾನ್ಸರ್ ತರುತ್ತೆ ಅಂತ ಅಕ್ಕ ದಿನಾ ಮೆಸೇಜ್ ಕಳಿಸುತ್ತಾಳೆ. ನಿಜವಾ?

ಹಳೇಲೋಟ:
2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವರು ಆಸ್ಪರ್ಟೇಮ್ ಅನ್ನೋ ಸಿಹಿಕಾರಕವನ್ನು "ಕ್ಯಾನ್ಸರ್ ತರಬಹುದಾದ" 2ಬಿ ಗುಂಪಿಗೆ ಹಾಕಿದರು. ಅಂದರೆ ಪುರಾವೆ ಅರೆಬರೆ ಅಂತ ಅರ್ಥ. ಅದೇ ಹೊತ್ತಿಗೆ ಇನ್ನೊಂದು ತಜ್ಞರ ಸಮಿತಿ ಹಳೇ ಮಿತಿಯನ್ನೇ ಉಳಿಸಿತು, ತೂಕದ ಒಂದೊಂದು ಕೆಜಿಗೆ ದಿನಕ್ಕೆ 40 ಮಿಲಿಗ್ರಾಂ. 70 ಕೆಜಿ ಇರುವವರು ಅದನ್ನು ದಾಟಬೇಕಾದರೆ ಡಯಟ್ ಪಾನೀಯದ 9ರಿಂದ 14 ಕ್ಯಾನ್ ಕುಡಿಯಬೇಕು. ಅಕ್ಕನಿಗೆ ಇದನ್ನು ಕಳಿಸಿ.

ಲೆಕ್ಕದವಳು:
ಅರ್ಧ ಕಥೆ ಹೇಳಬೇಡಿ. ಅದೇ ವರ್ಷ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸೋಕೆ ಅಂತ ಈ ಸಿಹಿಕಾರಕಗಳನ್ನು ಬಳಸಬೇಡಿ ಎಂದೂ ಹೇಳಿತು, ಬಹಳ ದಿನಕ್ಕೆ ಲಾಭ ಕಾಣಲಿಲ್ಲ ಅಂತ. ಆ ಸಲಹೆ ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಅನ್ವಯಿಸಲ್ಲ, ಅದು ಬೇರೆ. ನನ್ನ ಪ್ರಕಾರ ಮಾತ್ರೆಯ ತೊಂದರೆ ವಿಷ ಅನ್ನೋದಲ್ಲ. ನಾಲಿಗೆಗೆ ಅದೇ ಸಿಹಿಯ ಚಟ ಉಳಿಯುತ್ತದೆ.

ಹಳೇಲೋಟ:
ನಾಲಿಗೆ ಚಟದ್ದು ನಿಮ್ಮ ಅಭಿಪ್ರಾಯ. ಐದು ಚಹಾದ ಸಕ್ಕರೆ ಬದಲು ಮಾತ್ರೆ ಹಾಕಿದರೆ 40 ಗ್ರಾಂ ಸಕ್ಕರೆ ಹೋಯಿತು, ಅದು ಲೆಕ್ಕ.

ಲೆಕ್ಕದವಳು:
ಲೆಕ್ಕ ನನ್ನ ಹೆಸರಿನಲ್ಲೇ ಇದೆ, ನಿಮ್ಮ ಲೋಟ ಹಿಡಿದುಕೊಳ್ಳಿ.

ಮೂಗುತೂರಿಸಿ:
ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಇಲ್ಲಿ ಎರಡೂ ಬಲ್ಲವರು ಕಾಣುತ್ತಿಲ್ಲ.

ಉಪ್ಪಿಲ್ಲದವ:
ಎಲ್ಲರೂ ಸಕ್ಕರೆ ಹಿಡಿದುಕೊಂಡಿದ್ದೀರಿ, ಉಪ್ಪಿನ ಮಾತು ಯಾರೂ ಎತ್ತುತ್ತಿಲ್ಲ. ನನ್ನ ಕಥೆ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಬಿಪಿ 150/96. ಊಟದಲ್ಲಿ ಮೇಲುಪ್ಪು ಹಾಕಿಕೊಳ್ಳುವ ಅಭ್ಯಾಸವೇ ನನಗಿಲ್ಲ, ಹಾಗಾಗಿ ಉಪ್ಪಿನ ತಪ್ಪಲ್ಲ ಅಂತ ವಾದ ಮಾಡಿದೆ. ಆಮೇಲೆ ಒಂದು ವಾರ ಪ್ಯಾಕೆಟ್‌ಗಳ ಹಿಂದೆ ಬರೆದದ್ದನ್ನು ಓದಿದೆ. ಬ್ರೆಡ್, ಚೀಸ್, ಸಾಸ್, ಪ್ಯಾಕೆಟ್ ಸೂಪ್, ಚಿಪ್ಸ್. ಅಲ್ಲಿ ಉಪ್ಪು ಅಂತ ಬರೆದಿರಲ್ಲ, ಸೋಡಿಯಂ ಅಂತಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. ಒಂದು ಸೂಪ್ ಬಟ್ಟಲಲ್ಲಿ 800 ಮಿಲಿಗ್ರಾಂ ಸೋಡಿಯಂ, ಅಂದರೆ 2 ಗ್ರಾಂ ಉಪ್ಪು! ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನೋದು ಮಿತಿ. ಜಗತ್ತಿನ ಸರಾಸರಿ ಅದರ ಎರಡು ಪಟ್ಟು.

ಕಡಿಮೆ ಮಾಡಿದ ಮೊದಲ ಎರಡು ವಾರ ಅಡುಗೆಯೆಲ್ಲ ಸೋಪಿನ ನೀರಿನ ಹಾಗಿತ್ತು. ಮನೆಯಲ್ಲಿ ಜಗಳ ಬೇರೆ. ಒಂದೂವರೆ ತಿಂಗಳಿಗೆ ನಾಲಿಗೆ ಹೊಂದಿಕೊಂಡಿತು. ಈಗ ಹೊರಗೆ ತಿಂದರೆ ಉಪ್ಪುಪ್ಪು ಅನಿಸುತ್ತದೆ. ಬಿಪಿ ಮಾತ್ರೆ ನಿಂತಿಲ್ಲ, ಅರ್ಧಕ್ಕೆ ಇಳಿದಿದೆ, ಡಾಕ್ಟರೇ ಇಳಿಸಿದ್ದು.

ಬೆಳ್ಳುಳ್ಳಿಸಿಪ್ಪೆ:
ಕಲ್ಲುಪ್ಪು ಹಾಕಿ. ಅದರಲ್ಲಿ ಖನಿಜ ಇರುತ್ತೆ.

ಉಪ್ಪಿಲ್ಲದವ:
ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ ಮಾರಾಯರೇ. ಬಣ್ಣ ನೋಡಿ ಬಿಪಿ ಇಳಿಯಲ್ಲ.

ನಿಜವಾಗಿ ಬೇರೆ ಆದದ್ದು ಅಂದರೆ ಪೊಟ್ಯಾಸಿಯಂ ಬೆರೆಸಿದ ಉಪ್ಪು. ಚೀನಾದ 600 ಹಳ್ಳಿಗಳಲ್ಲಿ ಪರೀಕ್ಷೆ ಮಾಡಿ 2021ರಲ್ಲಿ ಫಲಿತಾಂಶ ಕೊಟ್ಟರು. ಅರ್ಧ ಹಳ್ಳಿಗಳಿಗೆ ನಾಲ್ಕನೇ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು, ಉಳಿದವಕ್ಕೆ ಮಾಮೂಲಿ ಉಪ್ಪು. ಸುಮಾರು ಐದು ವರ್ಷದಲ್ಲಿ ಮೊದಲ ಗುಂಪಿನಲ್ಲಿ ಪಾರ್ಶ್ವವಾಯು ಶೇ 14 ಕಡಿಮೆ. ಆದರೆ ಮೂತ್ರಪಿಂಡದ ತೊಂದರೆ ಇರುವವರು, ಕೆಲವು ಬಿಪಿ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು. ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯ.

ರಾತ್ರಿಪಾಳಿ:
ಬ್ರೆಡ್, ಚಿಪ್ಸ್ ಅಂದಿರಲ್ಲ, ನನ್ನ ರಾತ್ರಿ ಊಟವೇ ಅದು. ಕ್ಯಾಂಟೀನ್ ಮುಚ್ಚಿರುತ್ತದೆ, ಯಂತ್ರದಿಂದ ಬೀಳೋ ಪ್ಯಾಕೆಟ್ ಅಷ್ಟೇ ಗತಿ. ಎರಡು ವರ್ಷದಲ್ಲಿ 9 ಕೆಜಿ ಏರಿದ್ದೇನೆ. ಮನಸ್ಸು ಗಟ್ಟಿ ಇಲ್ಲ ಅಂತ ಎಲ್ಲರೂ ಬೈಯುತ್ತಾರೆ.

ಹಳೇಲೋಟ:
ಮನಸ್ಸನ್ನು ಬೈಯಬೇಡಿ. ಅಮೆರಿಕದಲ್ಲಿ 2019ರಲ್ಲಿ ಒಂದು ಚಿಕ್ಕ ಪ್ರಯೋಗ ಆಯಿತು. 20 ಜನರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು, ಎರಡು ವಾರ ಕಾರ್ಖಾನೆಯ ಪ್ಯಾಕೆಟ್ ಆಹಾರ, ಎರಡು ವಾರ ಮಾಮೂಲಿ ಅಡುಗೆ ಕೊಟ್ಟರು. ಮುಂದಿಟ್ಟ ಊಟದಲ್ಲಿ ಸಕ್ಕರೆ, ಉಪ್ಪು, ಕೊಬ್ಬು, ನಾರು ಹೆಚ್ಚುಕಡಿಮೆ ಒಂದೇ. ಎಷ್ಟು ಬೇಕೋ ಅಷ್ಟು ತಿನ್ನಿ ಎಂದರು. ಪ್ಯಾಕೆಟ್ ವಾರಗಳಲ್ಲಿ ಜನ ತಮಗೇ ಗೊತ್ತಿಲ್ಲದೆ ದಿನಕ್ಕೆ 500 ಕ್ಯಾಲೊರಿ ಜಾಸ್ತಿ ತಿಂದರು, ಸುಮಾರು 900 ಗ್ರಾಂ ತೂಕ ಏರಿತು. ಬೇಗ ಬೇಗ ತಿಂದದ್ದೂ ಕಂಡುಬಂತು. ಮೆತ್ತಗಿರುತ್ತದೆ, ಅಗಿಯೋ ಕೆಲಸ ಇಲ್ಲ, ಸಾಕು ಅನಿಸುವಷ್ಟರಲ್ಲಿ ಪ್ಯಾಕೆಟ್ ಖಾಲಿ. ಹಾಗಾಗಿ ಮನೆಯಿಂದ ಡಬ್ಬಿ ಒಯ್ಯೋದಕ್ಕೆ ಆಗುತ್ತಾ ನೋಡಿ. ಬೇಯಿಸಿದ ಕಾಳು, ಮೊಟ್ಟೆ, ಒಂದು ಹಣ್ಣು, ಒಂದು ಹಿಡಿ ಕಡಲೆಬೀಜ.

ರಾತ್ರಿಪಾಳಿ:
ಡಬ್ಬಿ ಒಯ್ದರೆ ಸಹೋದ್ಯೋಗಿಗಳು ತಿಂದುಬಿಡುತ್ತಾರೆ. ಅದಕ್ಕೆ ಯಾವ ಪ್ರಯೋಗ ಇದೆ?

ಹರಟೆಕಟ್ಟೆ:
ಖಾರ ಜಾಸ್ತಿ ಹಾಕಿ. ಪ್ರಯೋಗ ನಾನೇ ಮಾಡಿದ್ದೇನೆ.

ಸೊಪ್ಪಿನಕಟ್ಟು:
ನಾಲ್ಕು ಗಂಟೆಯವರೇ, ಚಹಾ ಕುದಿಕುದಿ ಕುಡಿಯುತ್ತೀರಾ? 65 ಡಿಗ್ರಿಗಿಂತ ಬಿಸಿ ಇರುವ ಪಾನೀಯ ಅನ್ನನಾಳದ ಕ್ಯಾನ್ಸರ್‌ಗೆ ಬಹುಶಃ ಕಾರಣ ಆಗಬಹುದು ಅಂತ 2016ರಲ್ಲಿ ಹೇಳಿದ್ದಾರೆ. ಚಹಾದ್ದೋ ಕಾಫಿಯದ್ದೋ ತಪ್ಪಲ್ಲ, ಬಿಸಿಯದ್ದು. ಐದು ನಿಮಿಷ ಆರಿಸಿ ಕುಡಿಯಿರಿ.

ಅಜ್ಜನಮೊಮ್ಮಗ:
ಈಗ ಬಿಸಿ ಚಹಾವೂ ಕ್ಯಾನ್ಸರ್. ಗಾಳಿ ಕುಡಿದು ಬದುಕೋಣ ಬಿಡಿ. ದಿನಾ ಒಂದು ಪೆಗ್ ಹೃದಯಕ್ಕೆ ಒಳ್ಳೆಯದು ಅಂತಾನೂ ಓದಿದ್ದೆ, ಅದಾದರೂ ನಿಜವಾ?

ಲೆಕ್ಕದವಳು:
ಅದೂ ಹೋಯಿತು ಅಣ್ಣಾ. ಹಳೇ ಲೆಕ್ಕಗಳಲ್ಲಿ ಒಂದು ಮೋಸ ಇತ್ತು. ಕುಡಿಯದವರು ಅಂತ ಎಣಿಸಿದವರೊಳಗೆ ಕಾಯಿಲೆ ಬಂದು ಕುಡಿಯೋದು ಬಿಟ್ಟವರೂ ಸೇರಿದ್ದರು. ಹಾಗಾಗಿ ಸ್ವಲ್ಪ ಕುಡಿಯುವವರೇ ಗಟ್ಟಿಮುಟ್ಟಾಗಿ ಕಂಡರು. ಮದ್ಯ 1988ರಿಂದಲೂ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲೇ ಇದೆ. ಇಷ್ಟು ಕುಡಿದರೆ ಪರವಾಗಿಲ್ಲ ಅನ್ನೋ ಸುರಕ್ಷಿತ ಮಿತಿ ಇಲ್ಲ ಅಂತ 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಆದರೆ "ಗುಂಪು" ಅನ್ನೋ ಪದಕ್ಕೆ ಹೆದರಬೇಡಿ. ಗುಂಪು ಹೇಳೋದು ಪುರಾವೆ ಎಷ್ಟು ಗಟ್ಟಿ ಅಂತ, ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ. ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸವೂ 2015ರಿಂದ ತಂಬಾಕಿನ ಜೊತೆ ಅದೇ ಮೊದಲ ಗುಂಪಿನಲ್ಲಿದೆ. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ 18 ಜಾಸ್ತಿ. ಕೇಳೋಕೆ ಭಯಂಕರ. ಬಿಡಿಸಿ ನೋಡಿದರೆ, ಜೀವಮಾನದಲ್ಲಿ ನೂರಕ್ಕೆ ಸುಮಾರು ಆರು ಜನಕ್ಕೆ ಬರುವ ಕಡೆ ಅದು ಏಳಾಗುತ್ತದೆ. ಆರಕ್ಕೆ ಹದಿನೆಂಟು ಸೇರಲ್ಲ. ಸುದ್ದಿಯವರು ಇದನ್ನು ಯಾವತ್ತೂ ಬಿಡಿಸಿ ಹೇಳಲ್ಲ.

ಬೆಕ್ಕಿನಗಂಟೆ:
ಇದನ್ನು ಅಕ್ಕನಿಗೆ ಕಳಿಸಿದೆ. ನನ್ನನ್ನು ಬ್ಲಾಕ್ ಮಾಡಿದಳು.

ನಾಲ್ಕುಗಂಟೆ:
ಎಲ್ಲರಿಗೂ ಥ್ಯಾಂಕ್ಸ್. ಜ್ಯೂಸ್ ಇವತ್ತೇ ಬಂದ್. ಚಹಾ ಐದರಿಂದ ಮೂರಕ್ಕೆ, ಒಂದು ಚಮಚ, ಗೋಪುರ ಇಲ್ಲ. ಕಡೇ ಚಹಾ ನಾಲ್ಕು ಗಂಟೆಯದ್ದೇ. ಊಟ ಆದ ಮೇಲೆ ಸೋಫಾ ಬದಲು ಹದಿನೈದು ನಿಮಿಷ ನಡಿಗೆ.

ಲ್ಯಾಬ್‌ಹುಳು:
ನಡಿಗೆ ಒಳ್ಳೆಯದು, ಸ್ನಾಯುಗಳು ಆ ಹೊತ್ತಿನ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಕಡೇ ಚಹಾ ಬೇಗ ಮುಗಿಸಿದ್ದೂ ಒಳ್ಳೆಯದು. ಕೆಫೀನ್ ಅರ್ಧ ಇಳಿಯೋಕೆ ಸುಮಾರು ಐದು ಗಂಟೆ ಬೇಕು. ನಿದ್ದೆ ಕೆಟ್ಟರೆ ಇನ್ಸುಲಿನ್ ಕೆಲಸವೂ ಕೆಡುತ್ತದೆ. ಮೂರು ತಿಂಗಳು ಬಿಟ್ಟು ಬಂದು ಹೇಳಿ.

ನಾಲ್ಕುಗಂಟೆ:
ಮೂರು ತಿಂಗಳು, ಹನ್ನೊಂದು ದಿನ. 5.8.

ಇನ್ನೂ ಗಡಿಯೊಳಗೇ ಇದೆ, ಗೊತ್ತು. ತೂಕ 4 ಕೆಜಿ ಇಳಿದಿದೆ. ಸಕ್ಕರೆ ಈಗ ಅರ್ಧ ಚಮಚ. ಮೊನ್ನೆ ಒಬ್ಬರ ಮನೆಯಲ್ಲಿ ಎರಡು ಚಮಚದ ಚಹಾ ಕೊಟ್ಟರು, ಪಾಯಸ ಕುಡಿದ ಹಾಗಾಯಿತು. ನಡಿಗೆ ವಾರಕ್ಕೆ ನಾಲ್ಕು ದಿನ ಆಗುತ್ತದೆ, ಏಳು ಅಂತ ಡಾಕ್ಟರಿಗೆ ಹೇಳಿದ್ದೇನೆ.

ಉಪ್ಪಿಲ್ಲದವ:
ಭೇಷ್! ಇನ್ನು ಬ್ರೆಡ್ ಪ್ಯಾಕೆಟ್ ಹಿಂದೆ ತಿರುಗಿಸಿ ನೋಡಿ.

ಹಳೇಲೋಟ:
ಇವರನ್ನು ಒಂದು ದಿನ ನೆಮ್ಮದಿಯಾಗಿ ಇರೋಕೆ ಬಿಡಿ.

ಅಜ್ಜನಮೊಮ್ಮಗ:
ಈ ಎಚ್‌ಬಿಎ1ಸಿ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ? ಸುಮ್ನೆ ಕೇಳಿದೆ.

ಲ್ಯಾಬ್‌ಹುಳು:
ಬೇಡ. ಚಹಾ ಕುಡಿದೇ ಹೋಗಬಹುದು.